ಕಾರ್ಬ್ ಬೈಕ್‌ಗೆ ಆಕ್ಸಿಜನ್ ಸೆನ್ಸರ್ ಹಾಕಿ ಜೆಟ್ ಹೊಂದಿಸುವುದು: ಯಾರಾದರೂ ಮಾಡಿದ್ದೀರಾ?

ಮಲ್ನಾಡ್350:

ಎಲ್ಲರಿಗೂ ನಮಸ್ಕಾರ. ನನ್ನದು ಕಾರ್ಬೊರೇಟರ್ ಇರುವ ಕ್ಲಾಸಿಕ್ 350. ಚಿಕ್ಕಮಗಳೂರಲ್ಲೇ ಓಡಾಟ, ಆಗಾಗ ಚಾರ್ಮಾಡಿ ಇಳಿದು ಮಂಗಳೂರಿಗೆ ಹೋಗುತ್ತೇನೆ. ಸೈಲೆನ್ಸರ್ ಬದಲಾಯಿಸಿದೆ, ಜೊತೆಗೆ ಗಾಳಿ ಜಾಸ್ತಿ ಎಳೆಯುವ ಫಿಲ್ಟರ್ ಹಾಕಿಸಿದೆ. ಆಮೇಲಿಂದ ಅರ್ಧ ಥ್ರಾಟಲ್‌ನಲ್ಲಿ ಗಾಡಿ ಎಳೆಯಲು ಹಿಂದೇಟು ಹಾಕುತ್ತದೆ, ಥ್ರಾಟಲ್ ಬಿಟ್ಟರೆ ಪಟಪಟ ಅಂತ ಹೊಡೆಯುತ್ತದೆ. ಪ್ಲಗ್ ಬಿಚ್ಚಿ ನೋಡಿದರೆ ಬಿಳಿಚಿಕೊಂಡಿದೆ. ಮೆಕ್ಯಾನಿಕ್ ಕಿವಿಗೊಟ್ಟು ಕೇಳಿ ಸ್ಕ್ರೂ ತಿರುಗಿಸಿ ಕಳಿಸಿದರು, ಐಡಲ್ ಚೆನ್ನಾಗಾಯಿತು, ಉಳಿದದ್ದು ಹಾಗೇ ಇದೆ.

ಗುಜರಿಯಲ್ಲಿ ಕಾರಿನ ನಾಲ್ಕು ವಯರ್‌ನ ಆಕ್ಸಿಜನ್ ಸೆನ್ಸರ್ ಒಂದು ಸಿಕ್ಕಿದೆ. ಬೆಂಡ್ ಪೈಪ್‌ಗೆ (ಎಂಜಿನ್‌ನಿಂದ ಸೈಲೆನ್ಸರ್‌ಗೆ ಹೊಗೆ ಒಯ್ಯುವ ಪೈಪ್) ನಟ್ ವೆಲ್ಡ್ ಮಾಡಿಸಿ ಇದನ್ನು ಕೂರಿಸಿ, ಮಲ್ಟಿಮೀಟರ್‌ನಲ್ಲಿ ನೋಡುತ್ತಾ ಜೆಟ್ (ಕಾರ್ಬ್‌ನಲ್ಲಿ ಪೆಟ್ರೋಲ್ ಹಾಯುವ ಸಣ್ಣ ತೂತಿನ ತುಂಡು) ಬದಲಾಯಿಸಿದರೆ ಕೆಲಸ ಆಗುತ್ತಾ?

ಹಳೇಸ್ಪ್ಯಾನರ್:

ಬೈಕ್‌ಗೆ ಇದೆಲ್ಲ ಯಾಕೆ ಗುರು. ಮೇನ್ ಜೆಟ್ ಒಂದು ಸೈಜ್ ದೊಡ್ಡದು ಹಾಕಿ, ಸೂಜಿಯ (ಜೆಟ್ ಒಳಗೆ ಏರಿಳಿಯುವ ಮೊನಚು ಕಡ್ಡಿ) ಕ್ಲಿಪ್ ಒಂದು ಕಚ್ಚು ಕೆಳಗಿಳಿಸಿ, ಪ್ಲಗ್ ಬಣ್ಣ ನೋಡಿ. ಇಟ್ಟಿಗೆ ಬಣ್ಣ ಬಂದರೆ ಮುಗಿಯಿತು.

ಲೇತ್‌ಮನೆ:

ಆಗುತ್ತದೆ, ಅರ್ಧ ಕೆಲಸ ಮಾತ್ರ. ಯಾವ ಅರ್ಧ ಅನ್ನುವುದು ಮೊದಲೇ ಗೊತ್ತಿದ್ದರೆ ಒಳ್ಳೆಯದು.

ನಿಮ್ಮ ಕೈಯಲ್ಲಿರುವುದು ಬಹುಶಃ ನ್ಯಾರೋಬ್ಯಾಂಡ್, ಅಂದರೆ ಕಿರಿದಾದ ವ್ಯಾಪ್ತಿಯಲ್ಲಷ್ಟೇ ಅಳೆಯುವ ಬಗೆ. ಒಳಗೆ ಜಿರ್ಕೋನಿಯಾ ಅನ್ನುವ ಪಿಂಗಾಣಿಯ ಚಿಕ್ಕ ಕೊಳವೆ ಇದೆ. ಅದರ ಒಂದು ಮೈಗೆ ಹೊಗೆ ತಾಗುತ್ತದೆ, ಇನ್ನೊಂದು ಮೈಗೆ ಹೊರಗಿನ ಗಾಳಿ. ಸುಮಾರು 300 ಡಿಗ್ರಿ ಬಿಸಿಯಾದ ಮೇಲೆ ಎರಡೂ ಕಡೆಯ ಆಕ್ಸಿಜನ್ ವ್ಯತ್ಯಾಸಕ್ಕೆ ತಕ್ಕಂತೆ ವೋಲ್ಟೇಜ್ ಹುಟ್ಟುತ್ತದೆ. ಹೊಗೆಯಲ್ಲಿ ಆಕ್ಸಿಜನ್ ಉಳಿದಿದ್ದರೆ, ಅಂದರೆ ಲೀನ್ (ಪೆಟ್ರೋಲ್ ಕಮ್ಮಿ) ಆಗಿದ್ದರೆ, 0.1 ವೋಲ್ಟ್ ಆಸುಪಾಸು. ರಿಚ್ (ಪೆಟ್ರೋಲ್ ಜಾಸ್ತಿ) ಆಗಿದ್ದರೆ 0.8, 0.9. ನಡುವಿನ 0.45 ಬರುವುದು ಗಾಳಿ, ಪೆಟ್ರೋಲ್ ಎರಡೂ ಪೂರ್ತಿ ಖರ್ಚಾಗುವ ಜಾಗದಲ್ಲಿ. ಬರೀ ಪೆಟ್ರೋಲ್‌ಗೆ ಅದು 14.7 ಪಾಲು ಗಾಳಿಗೆ 1 ಪಾಲು ಪೆಟ್ರೋಲ್, ತೂಕದ ಲೆಕ್ಕದಲ್ಲಿ. ಅದನ್ನೇ ಲ್ಯಾಂಬ್ಡಾ 1 ಅನ್ನುತ್ತಾರೆ.

ತೊಂದರೆ ಇರುವುದು ಇಲ್ಲೇ. ಆ ಒಂದು ಜಾಗದಲ್ಲಿ ವೋಲ್ಟೇಜ್ ಧಡಕ್ಕನೆ ಬೀಳುತ್ತದೆ ಇಲ್ಲವೇ ಏರುತ್ತದೆ, ಆಚೀಚೆ ಹೋದರೆ ಹೆಚ್ಚೂಕಮ್ಮಿ ಚಪ್ಪಟೆ. ಗಾಳಿಯ ಪಾಲು 13.5 ಇದ್ದರೂ 12.2 ಇದ್ದರೂ ಮೀಟರ್‌ನಲ್ಲಿ 0.85ರ ಸುತ್ತಲೇ ಕಾಣಿಸುತ್ತದೆ, ಇರುವ ಚೂರು ವ್ಯತ್ಯಾಸವೂ ಸೆನ್ಸರ್‌ನ ಬಿಸಿ ಏರಿಳಿದರೆ ಬದಲಾಗಿಬಿಡುತ್ತದೆ. ಫುಲ್ ಥ್ರಾಟಲ್‌ನಲ್ಲಿ ನಿಮಗೆ ಬೇಕಿರುವುದು 12.5ರಿಂದ 13.2ರ ನಡುವೆ. ಅಲ್ಲಿ ಇದು ಕುರುಡು. ಸಮ ವೇಗದಲ್ಲಿ ಹೋಗುವಾಗ ಲೀನ್ ಕಡೆ ಜಾರಿದೆಯಾ ಇಲ್ಲವಾ ಅನ್ನುವುದನ್ನು ಮಾತ್ರ ಚೆನ್ನಾಗಿ ಹೇಳುತ್ತದೆ. ನಿಮ್ಮ ಅರ್ಧ ಥ್ರಾಟಲ್ ಸಮಸ್ಯೆಗೆ ಅಷ್ಟು ಸಾಕಾಗಲೂಬಹುದು.

ವಯರ್ ಬಗ್ಗೆ: ಸಾಮಾನ್ಯವಾಗಿ ಎರಡು ಬಿಳಿ ವಯರ್ ಹೀಟರ್‌ನವು, ಕಪ್ಪು ಸಿಗ್ನಲ್, ಬೂದು ಬಣ್ಣದ್ದು ಸಿಗ್ನಲ್ ಗ್ರೌಂಡ್. ಎರಡು ಬಿಳಿ ವಯರ್ ನಡುವೆ ಮೀಟರ್ ಇಟ್ಟರೆ ಕೆಲವೇ ಓಮ್ ತೋರಿಸಬೇಕು. ಓಪನ್ ತೋರಿಸಿದರೆ ಹೀಟರ್ ಸುಟ್ಟಿದೆ. ನಾಲ್ಕು ವಯರ್ ಇದ್ದ ಮಾತ್ರಕ್ಕೆ ನ್ಯಾರೋಬ್ಯಾಂಡ್ ಅಂತ ಖಾತ್ರಿ ಇಲ್ಲ, ಕೆಲವು ಜಪಾನಿ ಕಾರುಗಳ ಏರ್-ಫ್ಯೂಯಲ್ ಸೆನ್ಸರ್‌ಗೂ ನಾಲ್ಕೇ ವಯರ್. ಐದಾರು ವಯರ್ ಇದ್ದರೆ ಅದು ವೈಡ್‌ಬ್ಯಾಂಡ್ (ಅಗಲ ವ್ಯಾಪ್ತಿ ಅಳೆಯುವ ಬಗೆ), ಕಂಟ್ರೋಲರ್ ಇಲ್ಲದೆ ಮಲ್ಟಿಮೀಟರ್‌ಗೆ ದಕ್ಕುವುದಿಲ್ಲ.

ಗುಜರಿ ಮಾಲು ಅಂದಿರಿ. ವೆಲ್ಡಿಂಗ್‌ಗೆ ದುಡ್ಡು ಕೊಡುವ ಮುಂಚೆ ಬದುಕಿದೆಯಾ ನೋಡಿಕೊಳ್ಳಿ. ಸೆನ್ಸರ್‌ನ ಹೆಕ್ಸ್ ಭಾಗವನ್ನು ವೈಸ್‌ಗೆ ಕಚ್ಚಿಸಿ, ಮೀಟರ್ ಅನ್ನು 2 ವೋಲ್ಟ್ ಡಿಸಿಗೆ ಇಡಿ, ಕಪ್ಪು-ಬೂದು ವಯರ್‌ಗೆ ಹಿಡಿಯಿರಿ. ಗ್ಯಾಸ್ ಟಾರ್ಚ್‌ನಿಂದ ತುದಿಯನ್ನು ಕಾಯಿಸಿ. ತುದಿ ಕೆಂಪಗಾಗುವ ಹೊತ್ತಿಗೆ, ಜ್ವಾಲೆ ತುದಿಯನ್ನು ಪೂರ್ತಿ ಸುತ್ತಿಕೊಂಡಿರುವಾಗ, 0.8 ದಾಟಬೇಕು. ಟಾರ್ಚ್ ಸರಿಸಿದ ಕೂಡಲೇ 0.1ಕ್ಕೆ ಅಥವಾ ಅದಕ್ಕೂ ಕೆಳಗೆ ಬೀಳಬೇಕು. ಮತ್ತೆ ಜ್ವಾಲೆ ತಂದರೆ ಮತ್ತೆ ಏರಬೇಕು. ನಿಧಾನಕ್ಕೆ ತೆವಳಿಕೊಂಡು ಏರಿಳಿದರೆ ಅದು ಮುದಿ ಸೆನ್ಸರ್, ಬಿಸಾಡಿ. ಸುಮ್ನೆ ಹಳೇ ಮುಳ್ಳಿನ ಮೀಟರ್ ಉಪಯೋಗಿಸಬೇಡಿ, ಸೆನ್ಸರ್ ಕೊಡುವ ಕರೆಂಟ್ ಎಷ್ಟು ಕಮ್ಮಿ ಅಂದರೆ ಮೀಟರೇ ಅದನ್ನು ಕುಡಿದುಬಿಡುತ್ತದೆ. ಡಿಜಿಟಲ್ ಬೇಕು.

ಮಲ್ನಾಡ್350:

ಥ್ಯಾಂಕ್ಸ್ ಅಣ್ಣ, ಇಷ್ಟು ವಿವರವಾಗಿ ಯಾರೂ ಹೇಳಿರಲಿಲ್ಲ. ವೈಡ್‌ಬ್ಯಾಂಡ್ ಒಂದು ಸ್ನೇಹಿತರ ಬಳಿ ಇದೆ, ಎರವಲು ಕೊಡಬಹುದು. ಅದು ನಿಜಕ್ಕೂ ಬೇರೆಯೇ?

ಲೇತ್‌ಮನೆ:

ಪೂರ್ತಿ ಬೇರೆ. ಸಿಗುವುದಾದರೆ ನ್ಯಾರೋಬ್ಯಾಂಡ್ ಮರೆತುಬಿಡಿ.

ಅದರೊಳಗೂ ಅದೇ ಜಿರ್ಕೋನಿಯಾ ಸೆಲ್ ಇದೆ, ಪಕ್ಕದಲ್ಲಿ ಆಕ್ಸಿಜನ್ ಪಂಪ್ ಮಾಡುವ ಇನ್ನೊಂದು ಸೆಲ್. ಹೊಗೆಯ ಸ್ವಲ್ಪ ಭಾಗ ಒಂದು ಪುಟಾಣಿ ಕೋಣೆಗೆ ನುಗ್ಗುತ್ತದೆ. ಕಂಟ್ರೋಲರ್ ಕೆಲಸ ಏನೆಂದರೆ ಆ ಕೋಣೆಯನ್ನು ಯಾವಾಗಲೂ ಲ್ಯಾಂಬ್ಡಾ 1ರಲ್ಲೇ ಇಡುವುದು: ಲೀನ್ ಇದ್ದರೆ ಆಕ್ಸಿಜನ್ ಹೊರಗೆ ಎಳೆಯುತ್ತದೆ, ರಿಚ್ ಇದ್ದರೆ ಒಳಗೆ ತಳ್ಳುತ್ತದೆ. ಎಷ್ಟು ಕರೆಂಟ್ ಬೇಕಾಯಿತೋ ಅದೇ ಅಳತೆ. ಹಾಗಾಗಿ ಫುಲ್ ಥ್ರಾಟಲ್‌ನ ರಿಚ್ ಮಿಕ್ಸ್ಚರ್ ಕೂಡ ಅಂಕೆಯಲ್ಲಿ ಸಿಗುತ್ತದೆ. ಸೆನ್ಸರ್ ಬಾಷ್‌ನ ಎಲ್‌ಎಸ್‌ಯು 4.2 ಆದರೆ ಆಗಾಗ ಬರೀ ಗಾಳಿಯಲ್ಲಿಟ್ಟು ಕ್ಯಾಲಿಬ್ರೇಟ್ ಮಾಡಬೇಕು. 4.9ಕ್ಕೆ ಸಾಮಾನ್ಯವಾಗಿ ಆ ಕಾಟ ಇಲ್ಲ, ಅದರ ಅಳತೆಯ ರೆಸಿಸ್ಟರ್ ಕನೆಕ್ಟರ್ ಒಳಗೇ ಇರುತ್ತದೆ. ಅದಕ್ಕೇ ಕನೆಕ್ಟರ್ ಕತ್ತರಿಸಬಾರದು. ಹೀಟರ್ ಶುರುವಿನಲ್ಲಿ ಕರೆಂಟ್ ಜಾಸ್ತಿ ಎಳೆಯುತ್ತದೆ, ಬ್ಯಾಟರಿಯಿಂದ ನೇರ ವಯರ್, ನಡುವೆ ಫ್ಯೂಸ್ ಇರಲಿ. ಎಂಜಿನ್ ಸ್ಟಾರ್ಟ್ ಆದ ಮೇಲೆ ಸೆನ್ಸರ್ ಆನ್ ಮಾಡಿ.

ನಟ್ ಎಂ18, ಪಿಚ್ 1.5. ಎರಡೂ ಬಗೆಯ ಸೆನ್ಸರ್‌ಗೆ ಅದೇ ನಡೆಯುತ್ತದೆ. ಪೈಪ್ ಬಿಚ್ಚಿಕೊಂಡೇ ವೆಲ್ಡಿಂಗ್‌ಗೆ ಹೋಗಿ. ಸೆನ್ಸರ್ ತಲೆ ಮೇಲಿರಬೇಕು, ಅಡ್ಡಕ್ಕಿಂತ ಕನಿಷ್ಠ 10 ಡಿಗ್ರಿ ಎತ್ತರಿಸಿ ಕೂರಿಸಿ. ತಣ್ಣಗಿನ ಪೈಪ್‌ನಲ್ಲಿ ನೀರು ಕೂರುತ್ತದೆ, ಕಾದ ಪಿಂಗಾಣಿಗೆ ಒಂದು ಹನಿ ಬಿದ್ದರೂ ಬಿರುಕು. ಪೈಪ್ ಎರಡು ಪದರದ್ದಾದರೆ ಒಳಗಿನ ಪದರಕ್ಕೂ ವೆಲ್ಡ್ ಕೂಡಬೇಕು.

ಹಳೇಸ್ಪ್ಯಾನರ್:

ಇಷ್ಟೆಲ್ಲ ಮಾಡುವ ಹೊತ್ತಿಗೆ ನಾನು ಹತ್ತು ಗಾಡಿ ಟ್ಯೂನ್ ಮಾಡಿ ಕಳಿಸುತ್ತೇನೆ 😀

ಲೇತ್‌ಮನೆ:

@ಹಳೇಸ್ಪ್ಯಾನರ್ ಕಳಿಸುತ್ತೀರಿ, ಅದರಲ್ಲಿ ಅನುಮಾನ ಇಲ್ಲ. ನಿಮ್ಮ ಕಿವಿಗೆ ಬೆಲೆ ಇದೆ. ಪ್ಲಗ್ ಬಣ್ಣದ ವಿಷಯದಲ್ಲಿ ಮಾತ್ರ ನನ್ನ ತಕರಾರು. ಸೀಸದ ಪೆಟ್ರೋಲ್ ನಮ್ಮಲ್ಲಿ 2000ದಲ್ಲಿ ನಿಂತುಹೋಯಿತು. ಈಗಿನ ಎಥನಾಲ್ ಬೆರೆತ ಪೆಟ್ರೋಲ್ ಪ್ಲಗ್ ಮೇಲೆ ಬಣ್ಣ ಬಿಡುವುದೇ ಕಮ್ಮಿ. ಸರಿಯಾಗಿ ಓಡುತ್ತಿರುವ ಗಾಡಿಯ ಪ್ಲಗ್ ಕೂಡ ಬೆಳ್ಳಗಿರಬಹುದು. ಇಟ್ಟಿಗೆ ಬಣ್ಣ ಬರುವವರೆಗೆ ಜೆಟ್ ಏರಿಸುತ್ತಾ ಹೋದರೆ ಮೈಲೇಜ್ ಹೋಗುತ್ತದೆ, ಆಯಿಲ್‌ಗೆ ಪೆಟ್ರೋಲ್ ಸೇರುತ್ತದೆ.

ಹಳೇಸ್ಪ್ಯಾನರ್:

ಅದು ಒಪ್ಪುವ ಮಾತು. ಈಚೆಗೆ ಹೊಸ ಪ್ಲಗ್ ತುಂಬಾ ದಿನ ಓಡಿಸಿದರೂ ಬಣ್ಣವೇ ಬರುತ್ತಿಲ್ಲ. ಆದರೂ ಮಸಿ ಕಪ್ಪು ಅಂದರೆ ರಿಚ್, ಅಂಚು ಕರಗಿದ್ದರೆ ಲೀನ್, ಅಷ್ಟನ್ನು ಪ್ಲಗ್ ಇವತ್ತಿಗೂ ಸುಳ್ಳು ಹೇಳುವುದಿಲ್ಲ.

ಕಡಲತಡಿ:

ಮಾರಾಯ್ರೆ, ಅವರು ಚಿಕ್ಕಮಗಳೂರಿಂದ ಮಂಗಳೂರಿಗೆ ಇಳಿಯುವವರು. ಎಲ್ಲಿ ನಿಂತು ಟ್ಯೂನ್ ಮಾಡುವುದು ಅಂತ ಯಾರೂ ಹೇಳಲಿಲ್ಲವಲ್ಲ?

ಚಿಕ್ಕಮಗಳೂರು ಊರೇ ಸಮುದ್ರಮಟ್ಟದಿಂದ ಸಾವಿರ ಮೀಟರ್‌ಗೂ ಮೇಲೆ. ಅಲ್ಲಿ ಗಾಳಿಯ ಸಾಂದ್ರತೆ ನಮ್ಮೂರಿಗಿಂತ ಹೆಚ್ಚುಕಮ್ಮಿ ನೂರಕ್ಕೆ 10 ಕಮ್ಮಿ. ಕಾರ್ಬ್‌ಗೆ ಅದು ಗೊತ್ತಾಗುವುದಿಲ್ಲ, ಆದರೆ ಪೂರ್ತಿ 10 ರಿಚ್ ಆಗುವುದಿಲ್ಲ. ವೆಂಚುರಿಯಲ್ಲಿ (ಕಾರ್ಬ್‌ನ ಕಿರಿದಾದ ಗಂಟಲು) ಎಳೆತವೂ ಇಳಿಯುವುದರಿಂದ ಪೆಟ್ರೋಲ್ ಕೂಡ ಸ್ವಲ್ಪ ಕಮ್ಮಿ ಬರುತ್ತದೆ. ವರ್ಗಮೂಲದ ಲೆಕ್ಕ, ಸುಮಾರು 5 ಪರ್ಸೆಂಟ್ ರಿಚ್. ಮಂಗಳೂರಲ್ಲಿ 13.2ಕ್ಕೆ ಹೊಂದಿಸಿದ ಗಾಡಿ ಅಲ್ಲಿ 12.5 ತೋರಿಸುತ್ತದೆ. ಮುಳ್ಳಯ್ಯನಗಿರಿ 1930 ಮೀಟರ್, ಆ ಎತ್ತರದಲ್ಲಿ 12ರ ಆಸುಪಾಸು. ಹೊಗೆ, ಪೆಟ್ರೋಲ್ ವಾಸನೆ, ಪಿಕಪ್ ಇಲ್ಲ.

ತಿರುಗಿಸಿ ಯೋಚಿಸಿ. ಮೇಲೆ ಕೂತು ಚೊಕ್ಕವಾಗಿ 13.2ಕ್ಕೆ ಹೊಂದಿಸಿದರೆ, ಘಾಟಿ ಇಳಿದು ಬಿ.ಸಿ. ರೋಡ್ ಕಡೆ ಬಿಸಿಲಲ್ಲಿ ಹಿಂಡುವಾಗ 13.9. ಗಾಳಿಯಿಂದ ತಣಿಯುವ ಎಂಜಿನ್, ಫುಲ್ ಥ್ರಾಟಲ್‌ನಲ್ಲಿ 13.9 ಅಂದರೆ ಬಿಸಿ ಜಾಸ್ತಿ. ಅದಕ್ಕೇ ಎರಡೂ ಕಡೆ ಓಡುವ ಗಾಡಿಯನ್ನು ಕೆಳಗೆ ಹೊಂದಿಸಬೇಕು, ಮೇಲೆ ಒಂದಿಷ್ಟು ರಿಚ್ ಆದರೆ ಆಗಲಿ ಬಿಡಿ.

ಲೇತ್‌ಮನೆ:

ಒಳ್ಳೆ ಪಾಯಿಂಟ್. ಅವರ ಕಾರ್ಬ್ ಡಯಾಫ್ರಮ್ ಇರುವ ಸಿವಿ ಬಗೆಯದು, ಎತ್ತರದ ವ್ಯತ್ಯಾಸವನ್ನು ಕೊಂಚ ತಾನೇ ಸಂಭಾಳಿಸುತ್ತದೆ. ಪೂರ್ತಿ ಅಲ್ಲ. ಕೆಳಗೆ ಹೊಂದಿಸಿ ಅನ್ನುವುದು ಸರಿಯಾದ ಸಲಹೆಯೇ.

ಎರಡ್‌ಸ್ಟ್ರೋಕ್:

ನಡುವೆ ಬಾಯಿ ಹಾಕುತ್ತಿದ್ದೇನೆ. ನನ್ನ ಹತ್ತಿರ ಆರ್‌ಎಕ್ಸ್ 100 ಇದೆ, ಅಪ್ಪನ ಯೆಜ್ಡಿಯೂ ಇದೆ (ಮೈಸೂರಿನ ಐಡಿಯಲ್ ಜಾವಾ ಮಾಲು, ಮಾರಲ್ಲ, ಕೇಳಬೇಡಿ). ಇವಕ್ಕೂ ವೈಡ್‌ಬ್ಯಾಂಡ್ ಹಾಕಬಹುದಾ?

ಲೇತ್‌ಮನೆ:

ಬೇಡ. ಟೂ ಸ್ಟ್ರೋಕ್‌ನಲ್ಲಿ ಉರಿಯದ ಗಾಳಿ-ಪೆಟ್ರೋಲ್ ಒಂದಿಷ್ಟು ನೇರವಾಗಿ ಎಕ್ಸಾಸ್ಟ್‌ಗೆ ಹೋಗುತ್ತದೆ. ಸೆನ್ಸರ್ ಆ ಆಕ್ಸಿಜನ್ ಅನ್ನೂ ಎಣಿಸಿ ಲೀನ್ ಅನ್ನುತ್ತದೆ. ಅದರ ಮಾತು ಕೇಳಿ ಜೆಟ್ ಏರಿಸಿದರೆ ಪ್ಲಗ್ ಒದ್ದೆ. ಮೇಲಿಂದ 2ಟಿ ಆಯಿಲ್ (ಟೂ ಸ್ಟ್ರೋಕ್ ಎಂಜಿನ್‌ಗೆ ಹಾಕುವ ಎಣ್ಣೆ) ಮಸಿ ಸೆನ್ಸರ್ ಜೀವ ತಿನ್ನುತ್ತದೆ. ಅಲ್ಲಿ @ಹಳೇಸ್ಪ್ಯಾನರ್ ಹೇಳಿದ ದಾರಿಯೇ ಸರಿ: ಪ್ಲಗ್ ನೋಡಿ, ಪಿಸ್ಟನ್ ತಲೆ ನೋಡಿ. ಇನ್ನೊಂದು, ಆರ್‌ಎಕ್ಸ್‌ನ ಕಾರ್ಬ್‌ನಲ್ಲಿ ಇರುವುದು ಗಾಳಿ ಸ್ಕ್ರೂ, ಹೊರಗೆ ತಿರುಗಿಸಿದರೆ ಲೀನ್. ಕ್ಲಾಸಿಕ್‌ನ ಸಿವಿ ಕಾರ್ಬ್‌ನಲ್ಲಿ ಎಂಜಿನ್ ಕಡೆ ಇರುವ ಸ್ಕ್ರೂ ಹೊರಗೆ ಬಂದರೆ ರಿಚ್. ಉಲ್ಟಾ.

ಹಳೇಸ್ಪ್ಯಾನರ್:

ನೋಡಿದಿರಾ 😎

ತುಂಗಾತೀರ:

ನನ್ನದು ಬಿಎಸ್6 ಬೈಕ್, ಇಂಜೆಕ್ಷನ್. ಕಂಪನಿಯ ಆಕ್ಸಿಜನ್ ಸೆನ್ಸರ್ ಇದ್ದೇ ಇದೆ. ಆನ್‌ಲೈನ್‌ನಲ್ಲಿ ಅದರ ವಯರ್ ನಡುವೆ ಸಿಗಿಸುವ ಚಿಕ್ಕ ಡಬ್ಬಿ ಸಿಗುತ್ತದೆ, ಪಿಕಪ್ ಏರುತ್ತದೆ ಅನ್ನುತ್ತಾರೆ. ನಿಜಾನಾ?

ಇಸಿಯು_ಬೆಂಗಳೂರು:

ಅದು ಮಾಡುವುದು ಇಷ್ಟೇ: ಸೆನ್ಸರ್ ಸಿಗ್ನಲ್ ತಿರುಚಿ, ಲೀನ್ ಇದೆ ಅಂತ ಇಸಿಯುಗೆ (ಎಂಜಿನ್ ನಡೆಸುವ ಕಂಪ್ಯೂಟರ್) ನಂಬಿಸುತ್ತದೆ. ಇಸಿಯು ಪೆಟ್ರೋಲ್ ಏರಿಸುತ್ತದೆ. ಎಮಿಷನ್‌ಗಾಗಿ ಲ್ಯಾಂಬ್ಡಾ 1ರಲ್ಲಿ ಕಟ್ಟಿಹಾಕಿದ್ದ ಎಂಜಿನ್ ಸ್ವಲ್ಪ ರಿಚ್ ಆದರೆ ಕೆಳಗಿನ ಆರ್‌ಪಿಎಂನಲ್ಲಿ ನಯವಾಗಿ ಓಡುತ್ತದೆ, ಅದು ಸುಳ್ಳಲ್ಲ. ಆದರೆ ಫುಲ್ ಥ್ರಾಟಲ್‌ನಲ್ಲಿ ಇಸಿಯು ಸೆನ್ಸರ್ ಮಾತು ಕೇಳುವುದೇ ಇಲ್ಲ, ತನ್ನ ಮ್ಯಾಪ್ ಪ್ರಕಾರ ಹೋಗುತ್ತದೆ. ಅಂದ ಮೇಲೆ ಟಾಪ್ ಎಂಡ್‌ನಲ್ಲಿ ಡಬ್ಬಿಯಿಂದ ಏನು ಸಿಗುತ್ತದೆ, ನೀವೇ ಯೋಚಿಸಿ. ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಸಹ ಲ್ಯಾಂಬ್ಡಾ 1ರ ಸುತ್ತಲೇ ಸರಿಯಾಗಿ ಕೆಲಸ ಮಾಡುವುದು. ಯಾವಾಗಲೂ ರಿಚ್ ಓಡಿಸಿದರೆ ಅದಕ್ಕೂ ಕುತ್ತು, ವಾರಂಟಿಗೂ ಕುತ್ತು. ನನ್ನ ಕೇಳಿದರೆ ಸ್ಟಾಕ್ ಗಾಡಿಗೆ ಬೇಡ.

ಸೆನ್ಸರ್ ಹುಟ್ಟಿದ್ದೇ ಈ ಕ್ಲೋಸ್ಡ್ ಲೂಪ್‌ಗಾಗಿ, ಅಂದರೆ ಸೆನ್ಸರ್ ನೋಡಿ ಇಸಿಯು ಪೆಟ್ರೋಲ್ ತಿದ್ದಿಕೊಳ್ಳುವುದಕ್ಕಾಗಿ. ಬಾಷ್ ಇದನ್ನು ಮಾರುಕಟ್ಟೆಗೆ ತಂದದ್ದು 1976ರಲ್ಲಿ, ಮೊದಲು ಬಂದದ್ದು ಅಮೆರಿಕಕ್ಕೆ ಹೋಗುತ್ತಿದ್ದ ವೋಲ್ವೋ ಕಾರುಗಳಲ್ಲಿ, ಕ್ಯಾಲಿಫೋರ್ನಿಯಾದ ಬಿಗಿ ಹೊಗೆ ನಿಯಮಕ್ಕಾಗಿ. ಆ ಕಾರುಗಳ ಮುಂದಿನ ಗ್ರಿಲ್ ಮೇಲೆ ಲ್ಯಾಂಬ್ಡಾ ಸೋಂಡ್ ಅಂತ ಬ್ಯಾಡ್ಜ್ ಬೇರೆ ಇರುತ್ತಿತ್ತು. ಈಗ ನಮ್ಮ ಸ್ಕೂಟಿಯಲ್ಲೂ ಇದೆ, ಯಾರೂ ಬ್ಯಾಡ್ಜ್ ಹಾಕಲ್ಲ.

ಧಾರವಾಡ_ಪೇಢಾ:

ಸರ್, ಇ20 (ನೂರಕ್ಕೆ 20 ಎಥನಾಲ್ ಬೆರೆತ ಪೆಟ್ರೋಲ್) ಬಗ್ಗೆ ಒಂದು ಮಾತು ಹೇಳ್ರಿ. 14.7 ಅಂತೀರಿ, ಬಂಕಿನಾಗ ಸಿಗೋದು ಬರೀ ಪೆಟ್ರೋಲ್ ಅಲ್ಲವಲ್ಲ?

ಇಸಿಯು_ಬೆಂಗಳೂರು:

ಇದು ಸರಿಯಾದ ಪ್ರಶ್ನೆ ರೀ. ಇ20 ಚಾಲನೆ ಆದದ್ದೂ ನಮ್ಮ ಬೆಂಗಳೂರಲ್ಲೇ, 2023ರ ಫೆಬ್ರವರಿಯಲ್ಲಿ ನಡೆದ ಇಂಡಿಯಾ ಎನರ್ಜಿ ವೀಕ್‌ನಲ್ಲಿ.

ಎಥನಾಲ್ ಒಳಗೇ ಆಕ್ಸಿಜನ್ ಇದೆ, ಅದು ಪೂರ್ತಿ ಉರಿಯಲು ಸುಮಾರು 9 ಪಾಲು ಗಾಳಿ ಸಾಕು. ಬೆರೆತ ಇ20ಗೆ ಆ ಅಂಕೆ ಸುಮಾರು 13.5, ಇ10ಗೆ 14.1. ಅಂದರೆ ಇ10 ಕಾಲದಲ್ಲಿ ಸರಿಯಾಗಿ ಹೊಂದಿಸಿದ ಕಾರ್ಬ್‌ಗೆ ಇ20 ಹಾಕಿದರೆ, ಏನೂ ಮುಟ್ಟದಿದ್ದರೂ 4 ಪರ್ಸೆಂಟ್ ಹತ್ತಿರ ಲೀನ್ ಆಗುತ್ತದೆ. ಇಂಜೆಕ್ಷನ್ ಗಾಡಿ ಸೆನ್ಸರ್ ನೋಡಿ ತಾನೇ ಪೆಟ್ರೋಲ್ ಏರಿಸಿಕೊಳ್ಳುತ್ತದೆ. ಕಾರ್ಬ್‌ಗೆ ಹೇಳುವವರು ಯಾರು? ಫಿಲ್ಟರ್, ಸೈಲೆನ್ಸರ್ ಬದಲಿಸಿದ್ದು ಒಂದು ಕಡೆ, ಇದು ಇನ್ನೊಂದು ಕಡೆ. @ಮಲ್ನಾಡ್350 ಗಾಡಿ ಎರಡೂ ಕಡೆಯಿಂದ ಲೀನ್ ಆಗಿರಬಹುದು.

ಈಗ ಗೇಜ್ ವಿಷಯ. ವೈಡ್‌ಬ್ಯಾಂಡ್‌ಗೆ ನೀವು ಯಾವ ಪೆಟ್ರೋಲ್ ಹಾಕಿದ್ದೀರಿ ಅಂತ ಗೊತ್ತೇ ಇಲ್ಲ. ಅದು ಅಳೆಯುವುದು ಲ್ಯಾಂಬ್ಡಾ. ಅದನ್ನು 14.7ರಿಂದ ಗುಣಿಸಿ ನಮಗೆ ತೋರಿಸುತ್ತದೆ. ಇ20 ಇದ್ದರೂ ಗೇಜ್‌ನಲ್ಲಿ 14.7 ಬಂದರೆ ಅದು ಲ್ಯಾಂಬ್ಡಾ 1ಯೇ, ನಿಜವಾದ ಅನುಪಾತ 13.5 ಇರುತ್ತದೆ. ಹಾಗಾಗಿ ಕೂಡಿ ಕಳೆಯುವ ಗೋಜಿಗೆ ಹೋಗಬೇಡಿ, ಗೇಜ್ ಅನ್ನೇ ಲ್ಯಾಂಬ್ಡಾಗೆ ಬದಲಾಯಿಸಿ. ಸಮ ವೇಗದಲ್ಲಿ 0.95ರಿಂದ 0.98, ಫುಲ್ ಥ್ರಾಟಲ್‌ನಲ್ಲಿ 0.86ರಿಂದ 0.89. ಗಾಳಿಯಿಂದ ತಣಿಯುವ ಸಿಂಗಲ್ ಸಿಲಿಂಡರ್‌ಗೆ ಇಷ್ಟಿದ್ದರೆ ಆರಾಮ. ಯಾವ ಬಂಕಿನಲ್ಲಿ ಏನು ಹಾಕಿಸಿದರೂ ಈ ಗುರಿ ಬದಲಾಗುವುದಿಲ್ಲ.

ಧಾರವಾಡ_ಪೇಢಾ:

ಭಾರಿ ಚಂದ ಹೇಳಿದ್ರಿ.

ಲೇತ್‌ಮನೆ:

ಇನ್ನು ಜೆಟ್ ಮುಟ್ಟುವ ಮುಂಚೆ ಮಾಡಬೇಕಾದ ಕೆಲಸ, ಇದನ್ನು ಹಾರಿಸಿದರೆ ಮೇಲೆ ಹೇಳಿದ್ದೆಲ್ಲ ವ್ಯರ್ಥ.

ಸೆನ್ಸರ್‌ಗೆ ಪೆಟ್ರೋಲ್ ಕಾಣಿಸುವುದಿಲ್ಲ, ಉಳಿದ ಆಕ್ಸಿಜನ್ ಮಾತ್ರ ಕಾಣಿಸುತ್ತದೆ. ಆ ಆಕ್ಸಿಜನ್ ಸಿಲಿಂಡರ್ ಒಳಗಿಂದಲೇ ಬಂತಾ, ಹೊರಗಿಂದ ನುಸುಳಿತಾ ಅಂತ ಅದಕ್ಕೆ ಬೇಧ ತಿಳಿಯದು. ಪ್ಲಗ್ ದುರ್ಬಲವಾಗಿ ಮಿಸ್ಸಿಂಗ್ ಹೊಡೆಯುತ್ತಿದ್ದರೆ ಉರಿಯದ ಗಾಳಿ ಹಾಗೇ ಹೊರಬರುತ್ತದೆ, ಗೇಜ್ ಲೀನ್ ಅನ್ನುತ್ತದೆ. ಮಿಕ್ಸ್ಚರ್ ತೀರಾ ರಿಚ್ ಆಗಿ ಮಿಸ್ ಆದರೂ ಅದೇ ಕತೆ, ಗೇಜ್ ಲೀನ್ ಅನ್ನುತ್ತದೆ! ಆಗ ದೊಡ್ಡ ಜೆಟ್ ಹಾಕಿದರೆ ಮಿಸ್ಸಿಂಗ್ ಇನ್ನೂ ಜಾಸ್ತಿ, ಗೇಜ್ ಇನ್ನೂ ಲೀನ್. ಹೀಗೆ ಸುತ್ತುತ್ತಾ ಇರಬಹುದು. ಎಕ್ಸಾಸ್ಟ್ ಪೋರ್ಟ್ ಗ್ಯಾಸ್ಕೆಟ್, ಸೈಲೆನ್ಸರ್ ಜಾಯಿಂಟ್ ಸೋರಿದರೂ ಹಾಗೇ. ಒತ್ತಡದ ಅಲೆ ಹಿಂದೆ ಸರಿದಾಗ ಹೊರಗಿನ ಗಾಳಿ ಒಳಕ್ಕೆ ಎಳೆದುಕೊಳ್ಳುತ್ತದೆ. ಥ್ರಾಟಲ್ ಬಿಟ್ಟಾಗಿನ ಪಟಪಟಕ್ಕೂ ಅದೇ ಗಾಳಿ ಕಾರಣ ಆಗಿರಬಹುದು.

ಆದ್ದರಿಂದ ಹೊಸ ಪ್ಲಗ್, ಟ್ಯಾಪೆಟ್ ಶಬ್ದ ಗಮನಿಸಿ, ಇನ್‌ಟೇಕ್ ರಬ್ಬರ್‌ನಲ್ಲಿ ಬಿರುಕು ನೋಡಿ, ಎಕ್ಸಾಸ್ಟ್ ಜಾಯಿಂಟ್‌ಗಳನ್ನು ಬಿಗಿ ಮಾಡಿ. ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಿ, ಸೈಲೆನ್ಸರ್ ಬಾಯಿಗೆ ದಪ್ಪ ಒದ್ದೆ ಬಟ್ಟೆ ಅರೆಕ್ಷಣ ಒತ್ತಿದರೆ ಸೋರುವ ಜಾಗ ಬುಸ್ ಅನ್ನುತ್ತದೆ. ಜಾಯಿಂಟ್‌ಗೆ ಮಾಮೂಲಿ ಸಿಲಿಕೋನ್ ಪೇಸ್ಟ್ ಮೆತ್ತಬೇಡಿ, ಅದರ ಆವಿ ಸೆನ್ಸರ್‌ಗೆ ವಿಷ. ಸೆನ್ಸರ್ ಸೇಫ್ ಅಂತ ಬರೆದದ್ದೇ ತನ್ನಿ.

ಮತ್ತೆ, ಫ್ರೀ ಫ್ಲೋ (ಹೊಗೆಗೆ ತಡೆ ಕಮ್ಮಿ ಇರುವ) ಸೈಲೆನ್ಸರ್ ಇರುವ ಗಾಡಿಯಲ್ಲಿ ಐಡಲ್‌ನ ಅಂಕೆ ನಂಬಬೇಡಿ. ಬಾಲದ ಕಡೆಯಿಂದ ಗಾಳಿ ಹಿಂದಕ್ಕೆ ಬರುತ್ತದೆ, 16, 17 ತೋರಿಸುತ್ತದೆ. ಐಡಲ್‌ಗೆ ಹಳೇ ವಿಧಾನವೇ ಸಾಕು: ಸ್ಕ್ರೂ ನಿಧಾನಕ್ಕೆ ತಿರುಗಿಸಿ ಆರ್‌ಪಿಎಂ ಅತಿ ಹೆಚ್ಚು ಬರುವ ಜಾಗ ಹುಡುಕಿ, ಅಲ್ಲಿಂದ ಚೂರು ರಿಚ್ ಕಡೆಗೆ ಬಿಡಿ.

ರೋಡಿನಲ್ಲಿ ಹೀಗೆ ಮಾಡಿ. ಥ್ರಾಟಲ್ ಹಿಡಿಯ ರಬ್ಬರ್ ಮೇಲೆ ಒಂದು ಗೆರೆ, ಸ್ವಿಚ್ ಬಾಕ್ಸ್ ಮೇಲೆ ಬಿಳಿ ಟೇಪ್ ಅಂಟಿಸಿ ಸ್ಕೆಚ್ ಪೆನ್‌ನಲ್ಲಿ ಕಾಲು, ಅರ್ಧ, ಮುಕ್ಕಾಲು ಗುರುತು. ಖಾಲಿ ರಸ್ತೆ, ಸಣ್ಣ ಏರು, ಮೂರನೇ ಗೇರ್. ಗುರುತಿಗೆ ತಂದು ಮೂರು ನಾಲ್ಕು ಸೆಕೆಂಡ್ ಕದಲಿಸದೆ ಹಿಡಿಯಿರಿ, ಅಂಕೆ ನೆಲೆ ನಿಲ್ಲಲಿ. ಓಡಿಸುತ್ತಾ ಗೇಜ್ ನೋಡಬೇಡಿ ದಯವಿಟ್ಟು. ಫೋನ್ ಕ್ಯಾಮೆರಾ ಗೇಜ್ ಕಡೆ ತಿರುಗಿಸಿ ಕಟ್ಟಿ, ಬಾಯಲ್ಲಿ "ಅರ್ಧ", "ಮುಕ್ಕಾಲು" ಅನ್ನುತ್ತಾ ಹೋಗಿ, ಮನೆಗೆ ಬಂದು ವೀಡಿಯೊ ನೋಡಿ.

ಮುಕ್ಕಾಲರ ಮೇಲೆ ಮೇನ್ ಜೆಟ್. ಕಾಲಿನಿಂದ ಮುಕ್ಕಾಲರವರೆಗೆ ಸೂಜಿ. ಅದರ ಕೆಳಗೆ ಪೈಲಟ್ ಜೆಟ್. ಮೊದಲು ಮೇನ್, ಆಮೇಲೆ ಸೂಜಿ, ಕೊನೆಗೆ ಪೈಲಟ್. ಒಂದು ಸಲಕ್ಕೆ ಒಂದೇ ಬದಲಾವಣೆ. ನಿಮ್ಮ ಕಾರ್ಬ್‌ನ ಸೂಜಿಯಲ್ಲಿ ಕ್ಲಿಪ್ ಕಚ್ಚುಗಳಿಲ್ಲದಿದ್ದರೆ ತೆಳು ವಾಷರ್ ಹಾಕಿ ಎತ್ತಬೇಕಾಗುತ್ತದೆ.

ಮಲ್ನಾಡ್350:

ಅಪ್‌ಡೇಟ್. ತುಂಬಾ ದಿನ ಆಯಿತು, ಮಳೆ ನಿಂತ ಮೇಲೆ ಕೂತೆ.

ಒದ್ದೆ ಬಟ್ಟೆ ಇಟ್ಟಾಗ ಬೆಂಡ್ ಪೈಪ್, ಸೈಲೆನ್ಸರ್ ಸೇರುವ ಕ್ಲಾಂಪ್ ಹತ್ತಿರ ಬುಸ್ ಅಂದಿತು. ಅದನ್ನು ಬಿಗಿ ಮಾಡಿಸಿದ್ದಕ್ಕೇ ಮುಕ್ಕಾಲು ಪಟಪಟ ಹೋಯಿತು. ನಟ್ ವೆಲ್ಡ್ ಮಾಡಿಸಿ ಸ್ನೇಹಿತರ ವೈಡ್‌ಬ್ಯಾಂಡ್ ಕೂರಿಸಿದೆ. @ಕಡಲತಡಿ ಹೇಳಿದಂತೆ ಕೆಳಗೆ, ಬೆಳ್ತಂಗಡಿ ಕಡೆಯ ರಸ್ತೆಯಲ್ಲಿ ನೋಡಿದೆ. ಫುಲ್ ಥ್ರಾಟಲ್ 0.97, ಅರ್ಧಕ್ಕೆ 1.08. ಮೇನ್ ಜೆಟ್ ಏರಿಸಿದ ಮೇಲೆ ಫುಲ್ ಥ್ರಾಟಲ್ 0.88ಕ್ಕೆ ಬಂತು, ಅರ್ಧ ಮಾತ್ರ 1.04ರಲ್ಲೇ ನಿಂತಿತು. ಸೂಜಿಯ ಕೆಳಗೆ ವಾಷರ್ ಹಾಕಿದೆ, 0.96. ಹಿಂದೇಟು ಹೋಯಿತು! ವಾಪಸ್ ಘಾಟಿ ಹತ್ತಿ ಕೊಟ್ಟಿಗೆಹಾರದಲ್ಲಿ ನೋಡಿದರೆ ಫುಲ್ ಥ್ರಾಟಲ್ 0.85. ಓಡಿಸುವಾಗ ವ್ಯತ್ಯಾಸ ಗೊತ್ತಾಗುವುದಿಲ್ಲ.

ಕಡಲತಡಿ:

ಲೆಕ್ಕ ಸರಿಯಾಗಿಯೇ ಬಂತಲ್ಲ ಮಾರಾಯ್ರೆ 👌

ಹಳೇಸ್ಪ್ಯಾನರ್:

ಪ್ಲಗ್ ಫೋಟೋ ಹಾಕಿ.

ಮಲ್ನಾಡ್350:

ಈಗಲೂ ಬೆಳ್ಳಗೇ ಇದೆ ಅಣ್ಣ 😄 ಕೊನೇ ಪ್ರಶ್ನೆ. ಗೇಜ್ ವಾಪಸ್ ಕೊಡಬೇಕು. ಸೆನ್ಸರ್ ಪೈಪ್‌ನಲ್ಲೇ ಬಿಟ್ಟರೆ ನಡೆಯುತ್ತಾ, ಮತ್ತೆ ಬೇಕಾದಾಗ ಕನೆಕ್ಟ್ ಮಾಡಬಹುದು ಅಲ್ವಾ?

ಲೇತ್‌ಮನೆ:

ಬಿಡಬೇಡಿ. ಹೀಟರ್ ಇಲ್ಲದೆ ಹೊಗೆಯಲ್ಲಿ ಕೂತರೆ ಮಸಿ ಕಟ್ಟಿ ಬೇಗ ಸಾಯುತ್ತದೆ. ಬಿಚ್ಚಿ ಕೊಡಿ, ನಟ್‌ಗೆ ಎಂ18 ಬೋಲ್ಟ್ ತಾಮ್ರದ ವಾಷರ್ ಜೊತೆ ಬಿಗಿಯಿರಿ. ಥ್ರೆಡ್‌ಗೆ ಆ್ಯಂಟಿ ಸೀಜ್ ಸ್ವಲ್ಪ ಸವರಿ, ಇಲ್ಲದಿದ್ದರೆ ಮುಂದಿನ ಸಲ ಬಿಚ್ಚಲು ಮತ್ತೆ ಗ್ಯಾಸ್ ಟಾರ್ಚ್ ಬೇಕಾಗುತ್ತದೆ.